ಭಾನುವಾರದ ಗುರುವಪ್ಪ

ಗುರುವಪ್ಪ ಚಹಾದ ಲೋಟವನ್ನು ಒಂದೇ ಕೈಯಲ್ಲಿ ಎತ್ತಿ, ತೊಟ್ಟೂ ಚೆಲ್ಲದೆ ಬಾಯಿಯವರೆಗೆ ಒಯ್ದು ಸುರ್ರೆಂದು ಹೀರಿದಾಗ ಡೊಂಬಿವಿಲಿಯ ಆ ಮನೆಯಲ್ಲಿ ಯಾರೂ ಉಸಿರು ಬಿಡಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೆಂಡತಿ ಅಪ್ಪಿಗೆ, ಆ ಸೌಟಿನಿಂದ ಬಂಗುಡೆ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿದ್ದದ್ದೂ ತಿಳಿಯಲಿಲ್ಲ. ಮೂರು ವರ್ಷದಿಂದ ಆ ಬಾಯಿಗೆ ಲೋಟ ಹಿಡಿದವಳು ಅವಳು. ಗಂಡನ ಕೈ ನಡುಗದೆ ನಿಂತದ್ದನ್ನು ಕಂಡು ಅವಳಿಗೆ ಸಂತೋಷಕ್ಕಿಂತ ಮೊದಲು ಹೆದರಿಕೆಯೇ ಆಯಿತು.

“ಸಕ್ಕರೆ ಕಮ್ಮಿ ಉಂಟು,” ಎಂದ ಗುರುವಪ್ಪ.

ಮಗ ಯೋಗೀಶ್ ನಕ್ಕ, ಸೊಸೆ ತೃಪ್ತಿ ನಕ್ಕಳು, ಒಂಬತ್ತನೇ ತರಗತಿಯ ಮೊಮ್ಮಗಳು ಮಾನಸಿ “ವಾಹ್ ಅಜ್ಜಾ!” ಎಂದು ಚಪ್ಪಾಳೆ ತಟ್ಟಿದಳು. ಅಪ್ಪಿ ಮಾತ್ರ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋಗಿ ಅತ್ತಳು. ಅತ್ತು ಮುಗಿಸಿ ಬಂದು ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಗುರುವಪ್ಪ ಠಾಣೆಯ ನಾಕಾದ ಹತ್ತಿರ ಹೋಟೆಲಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದೋಸೆಯ ಕಾವಲಿಯ ಮುಂದೆ ನಿಂತವನು. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಲೋಟ ತೊಳೆದು, ಹಿಟ್ಟು ರುಬ್ಬಿ, ಕೊನೆಗೆ ಕಾವಲಿಗೆ ಏರಿದವನು. ಕಾವಲಿ ಹಿಡಿದವನ ಹತ್ತಿರ ಹಣದ ಗಲ್ಲೆಯಲ್ಲಿ ಕೂತ ಧಣಿಯೂ ಎರಡು ಮಾತು ಕಡಿಮೆ ಆಡುತ್ತಾನೆ. ಅಂಥ ಕೈಗೆ ನಡುಕ ಹಿಡಿಯಿತು. ಮೊದಲು ಹೆಬ್ಬೆರಳು, ಆಮೇಲೆ ಮುಂಗೈ, ಆಮೇಲೆ ಕಾಲು, ಕೊನೆಗೆ ನಾಲಗೆ. ಮಾತ್ರೆ ನುಂಗಿ ನುಂಗಿ ಬೇಸತ್ತ ಮೇಲೆ ನವಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಹೊಸ ದಾರಿ ಹೇಳಿದರು. ತಲೆಬುರುಡೆಯಲ್ಲಿ ಶರ್ಟಿನ ಗುಂಡಿಯಷ್ಟಗಲದ ಒಂದು ಚಿಪ್ ಕೂರಿಸುವುದು. ಅದರಿಂದ ಹೊರಟ ಕೂದಲೆಳೆಯಂಥ ತಂತಿ ಮೆದುಳಿಗೆ ಇಳಿದು, ನಡುಕ ಹುಟ್ಟುವ ಜಾಗಕ್ಕೆ ಸಣ್ಣಗೆ ಕರೆಂಟು ಕೊಡುತ್ತಿರುತ್ತದೆ. ಕರೆಂಟೆಂದರೂ ಒಂದು ಕೈಗಡಿಯಾರಕ್ಕೆ ಬೇಕಾದಷ್ಟೇ. ವಾರಕ್ಕೊಮ್ಮೆ ಟೊಪ್ಪಿಯಂಥದ್ದೊಂದನ್ನು ಹಾಕಿಕೊಂಡು ಕೂತರೆ ಚಾರ್ಜ್ ಆಯಿತು. ಮಣಿಕಟ್ಟಿಗೆ ಕಟ್ಟಿದ ಪಟ್ಟಿಯೊಂದು ಚಿಪ್‌ಗೂ ಫೋನಿಗೂ ನಡುವೆ ಸುದ್ದಿ ಸಾಗಿಸುತ್ತದೆ, ಫೋನು ಎಲ್ಲಿದ್ದರೂ ಸರಿ. ಡಾಕ್ಟರು ಹಾಕಿಕೊಟ್ಟ ಮಿತಿಯೊಳಗೆ ರೋಗಿಯೇ ಅದನ್ನು ಏರಿಸಿ ಇಳಿಸಿ ಮಾಡಿಕೊಳ್ಳಬಹುದು.

ಅಡ್ಮಿಟ್ ಮಾಡುವ ದಿನ ಕೌಂಟರಿನ ಹುಡುಗಿ “ಪೇಷಂಟ್ ಕಾ ಮೊಬೈಲ್ ನಂಬರ್?” ಎಂದು ಕೇಳಿದ್ದಳು. ಅಪ್ಪಿ ಎರಡನೇ ಸಲ ಯೋಚಿಸದೆ ಮಗನ ನಂಬರನ್ನು ಗಡಗಡ ಹೇಳಿದಳು. ಬ್ಯಾಂಕಿಗೆ, ಗ್ಯಾಸಿಗೆ, ಆಧಾರ್‌ಗೆ, ರೇಷನ್ನಿಗೆ ಆ ಮನೆಯಲ್ಲಿ ಕೊಡುತ್ತಿದ್ದದ್ದು ಅದೊಂದೇ ನಂಬರು. ಓಟಿಪಿ ಬರುವುದು ಮಗನಿಗೆ, ಅದನ್ನು ಹೇಳುವುದೂ ಅವನೇ. ಗುರುವಪ್ಪನ ಗುಂಡಿ ಒತ್ತುವ ಹಳೇ ಫೋನು ಚಾರ್ಜರು ಕಳೆದುಹೋದ ಮೇಲೆ ಕಪಾಟಿನಲ್ಲಿ ಮಲಗಿತ್ತು. ಮಗನ ಹತ್ತು ಅಂಕಿ ತನಗೆ ಬಾಯಿಪಾಠ ಎಂಬುದೇ ಅಪ್ಪಿಗೆ ಒಂದು ಹೆಮ್ಮೆ.

ಗುರುವಪ್ಪನಿಗೆ ಕೈ ಬಂತು. ಕೈಯ ಹಿಂದೆ ಕಾಲು ಬಂತು. ಕಾಲಿನ ಹಿಂದೆ ಬಾಯಿಯೂ ಬಂತು. ಮನೆಯವರಿಗೆ ಕಷ್ಟವಾದದ್ದು ಬಾಯಿ ಬಂದದ್ದೇ.

ಮೊದಲಿಂದಲೂ ಅವನು ಮಿತಭಾಷಿಯೇನಲ್ಲ. ಆದರೆ ಮೂರು ವರ್ಷ ಒಳಗೇ ಉಳಿದುಹೋದ ಮಾತನ್ನೆಲ್ಲ ಈಗ ಒಂದೇ ಸಲ ಬಡ್ಡಿ ಸಮೇತ ಆಡುವವನಂತೆ ಶುರುವಿಟ್ಟುಕೊಂಡ. ಬೆಳಕು ಹರಿಯುವ ಮೊದಲೇ ಎದ್ದು ಗ್ರೈಂಡರ್ ಹಾಕಿದ. ಮೇಲಿನ ಮಹಡಿಯಿಂದ ಸೊಸೈಟಿಯ ಸೆಕ್ರೆಟರಿ ಇಳಿದು ಬಂದು, “ಕಾಕಾ, ಎವ್‌ಢ್ಯಾ ಸಕಾಳೀ ಗ್ರೈಂಡರ್ ನಕೋ ಹೋ,” ಎಂದು, ಇಷ್ಟು ಬೆಳಿಗ್ಗೆ ಬೇಡವೆಂದು ಕೈಮುಗಿದರೆ, “ನಿಮ್ಮ ನೀರಿನ ಪಂಪು ಎಷ್ಟು ಗಂಟೆಗೆ ಕೂಗ್ತದೆ, ಅದನ್ನು ಮೊದಲು ಹೇಳಿ,” ಎಂದು ಬಾಗಿಲಲ್ಲೇ ಜಗಳ ಹಿಡಿದ. ಲೋಕಲ್ ಟ್ರೇನಿನಲ್ಲಿ ಪರಿಚಯವಾದ ರಾಯಚೂರಿನ ಇಬ್ಬರು ಗಾರೆ ಕೆಲಸದವರನ್ನು ಊಟಕ್ಕೆ ಕರೆತಂದ. ಅನ್ನ ಸಾಲದೆ ಅಪ್ಪಿ ಎರಡನೇ ಸಲ ಕುಕ್ಕರ್ ಇಡಬೇಕಾಯಿತು. ಸೊಸೆ ಮಾಡಿದ ಚಟ್ನಿಯನ್ನು ಬೆರಳಲ್ಲಿ ತೆಗೆದು ನಾಲಗೆಗೆ ಹಚ್ಚಿಕೊಂಡು ದಿನವೂ ಒಂದು ತೀರ್ಪು ಕೊಟ್ಟ.

“ಮಾವ, ನಾನು ಕಲ್ಯಾಣಕ್ಕೆ ಡ್ಯೂಟಿಗೆ ಓಡ್ಬೇಕು. ಇವತ್ತು ಹೇಗುಂಟೋ ಹಾಗೆ ತಿನ್ನಿ,” ಎಂದಳು ತೃಪ್ತಿ ಒಂದು ಬೆಳಿಗ್ಗೆ.

“ತಿನ್ತೇನೆ ಮಾರಾಯ್ತಿ. ಉಪ್ಪು ಹೆಚ್ಚಾದದ್ದನ್ನು ಹೆಚ್ಚಾಯ್ತು ಅಂತ ಹೇಳಿ ತಿನ್ತೇನೆ.”

“ಅಜ್ಜಾ, ಪ್ಲೀಸ್ ನಾ, ಮೇರಾ ಟೆಸ್ಟ್ ಹೈ,” ಎಂದು ಮಾನಸಿ ಒಳಗಿನಿಂದ ಕೂಗಿದಳು. ಅವಳಿಗೆ ಮನೆಯ ತುಳುವೂ ಗೊತ್ತು ಕನ್ನಡವೂ ಗೊತ್ತು, ಬಾಯಿಗೆ ಬರುವುದು ಮಾತ್ರ ಹಿಂದಿ.

“ಟೆಸ್ಟ್ ನಿನಗೆ, ಬಾಯಿ ಮುಚ್ಚುವುದು ನಾನಾ?”

ಅಪ್ಪಿಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇದೇ ಗಂಡಸು ಮೂರು ವರ್ಷ “ಅಪ್ಪೀ” ಎಂಬ ಎರಡಕ್ಷರಕ್ಕೂ ಒದ್ದಾಡಿದ್ದನ್ನು ಕಂಡವಳಿಗೆ ಈ ಗಲಾಟೆಯೂ ಒಂದು ಹಬ್ಬವೇ. ಆದರೆ ಹಬ್ಬ ದಿನಾ ನಡೆದರೆ ಸೊಂಟ ಬೀಳುವುದು ಹೆಂಗಸರದ್ದು.

ತೃಪ್ತಿಯ ತಂದೆತಾಯಿ ಕೋರಿ ರೊಟ್ಟಿಯ ಊಟಕ್ಕೆ ಬಂದ ಭಾನುವಾರ ಅದು ಮಿತಿ ಮೀರಿತು. ಗರಿಗರಿ ರೊಟ್ಟಿಯ ಮೇಲೆ ಕೋಳಿ ಸಾರು ಸುರಿದುಕೊಳ್ಳುತ್ತಾ ಗುರುವಪ್ಪ ಬೀಗರಿಗೆ ಹೇಳಿದ: “ನಿಶ್ಚಿತಾರ್ಥದ ದಿನ ನೀವು ಬಡಿಸಿದ ಅಂಜಲ್ ಮೀನು ಹಳಸಿತ್ತು. ಹದಿನಾರು ವರ್ಷದಿಂದ ಹೇಳ್ಬೇಕು ಅಂತ ಇದ್ದೆ.”

ಬೀಗರ ಕೈ ಬಟ್ಟಲಲ್ಲೇ ನಿಂತಿತು. ಬೀಗಿತ್ತಿ ನೀರು ಕುಡಿದರು. ಯೋಗೀಶ್, “ಅಪ್ಪ, ಸಾಕು,” ಎಂದ.

“ಎಂತ ಸಾಕು? ನೀನು ಹತ್ತರಲ್ಲಿ ಎರಡು ಸಲ ಡುಮ್ಕಿ ಹೊಡೆದದ್ದನ್ನು ಇವರಿಗೆ ಹೇಳಿದ್ದೇನಾ? ಇಲ್ಲ. ಎಲ್ಲಿ ಸುಮ್ಮನಿರ್ಬೇಕು ಅಂತ ನನಗೂ ಗೊತ್ತುಂಟು.”

ಆ ಸಂಜೆ ಯೋಗೀಶ್ ಬಾಲ್ಕನಿಯ ಬಾಗಿಲು ಎಳೆದುಕೊಂಡು ಆಸ್ಪತ್ರೆಗೆ ಫೋನ್ ಮಾಡಿದ. ಒಳಗೆ ಬಂದಾಗ ಅಪ್ಪಿ ಕೇಳಿದಳು: “ಡಾಕ್ಟ್ರು ಎಂತ ಹೇಳಿದ್ರು?”

“ಕ್ರಮೇಣ ಸರಿಯಾಗ್ತದೆ ಅಂದ್ರು,” ಎಂದ ಯೋಗೀಶ್.

ಮುಂದಿನ ಭಾನುವಾರ ಬೆಳಿಗ್ಗೆ ಗುರುವಪ್ಪನ ಕೈಯಲ್ಲಿ ಲೋಟ ನಡುಗಿತು. ಅಪ್ಪಿ ಓಡಿಬಂದು ಹಿಡಿಯುವಷ್ಟರಲ್ಲಿ ಚಹಾ ಲುಂಗಿಯ ಮೇಲೆ ಚೆಲ್ಲಿತ್ತು. ಮುಖ ಮಂಕಾಗಿತ್ತು, ಕಣ್ಣು ಒಂದೇ ಕಡೆ ನೆಟ್ಟಿತ್ತು.

“ಯೋಗೀ! ಓಡಿ ಬಾ, ಅಪ್ಪ ನೋಡು ಹೇಗೆ ಮಾಡ್ತಾರೆ!”

ಯೋಗೀಶ್ ಹಲ್ಲುಜ್ಜುತ್ತಲೇ ಬಂದ. ಗಾಬರಿ ಬೀಳಲಿಲ್ಲ. “ಅದು ಹಾಗೇ ಅಮ್ಮ. ವಾರಕ್ಕೊಂದು ದಿನ ಚಿಪ್‌ಗೂ ರೆಸ್ಟ್ ಬೇಕು. ನಾಳೆ ಸರಿಯಾಗ್ತದೆ.”

ಸೋಮವಾರ ನಿಜವಾಗಿಯೂ ಸರಿಯಾಯಿತು. ಗ್ರೈಂಡರ್ ತಿರುಗಿತು, ಸೆಕ್ರೆಟರಿ ಇಳಿದುಬಂದ. ಅಪ್ಪಿ ನಂಬಿದಳು. ಶಾಲೆಗೆ ಭಾನುವಾರ ರಜೆ, ಬ್ಯಾಂಕಿಗೆ ರಜೆ, ಚಿಪ್‌ಗೂ ರಜೆ ಇದ್ದರೆ ತಪ್ಪೇನು ಎಂದು ಕೆಳಗಿನ ಮನೆಯ ಜಯಲತಾಳಿಗೂ ವಿವರಿಸಿದಳು. ಜಯಲತಾ ಕಣ್ಣರಳಿಸಿ, “ಅಬ್ಬಾ, ಎಷ್ಟು ಬುದ್ಧಿ ಮಾರಾಯ್ತಿ ಆ ಮಿಷನಿಗೆ!” ಎಂದಳು.

ಆ ಭಾನುವಾರಗಳಿಗೆ ಮನೆ ಒಗ್ಗಿಕೊಂಡಿತು. ಯೋಗೀಶ್ ಹೊತ್ತೇರುವವರೆಗೆ ಮಲಗಿದ. ತೃಪ್ತಿ ಚಟ್ನಿಗೆ ತನಗೆ ಕಂಡಷ್ಟು ಉಪ್ಪು ಹಾಕಿದಳು. ಮಾನಸಿ ಟಿವಿ ಹಚ್ಚಿಕೊಂಡು ಕಾಲು ಚಾಚಿದಳು. ಅಪ್ಪಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ, ಗಂಡನನ್ನು ಬಾಲ್ಕನಿಯಲ್ಲಿ ಮಣೆಯ ಮೇಲೆ ಕೂರಿಸಿ, ಕಿವಿಯ ಹಿಂದಿನ ಹೊಲಿಗೆಯ ಗುರುತನ್ನು ತಪ್ಪಿಸಿ ನೆತ್ತಿಗೆ ತಟ್ಟಿದಳು. ಎಣ್ಣೆ ತಟ್ಟುತ್ತಾ ಮಾತಾಡಿದಳು.

ಮದುವೆಯಾದಂದಿನಿಂದ ಆ ಗಂಡಸಿನ ಎದುರು ಅವಳು ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ. ಯೋಗೀಶ್ ಹುಟ್ಟಿದಾಗ ದೀಪಾವಳಿಯ ಗಿರಾಕಿ ಬಿಟ್ಟು ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದನ್ನು ಹೇಳಿದಳು. ತಾಯಿ ಸತ್ತಾಗ ಒಬ್ಬಳೇ ಬಸ್ಸಿನಲ್ಲಿ ರಾತ್ರಿಯಿಡೀ ಅಳುತ್ತಾ ಊರಿಗೆ ಹೋದದ್ದನ್ನು ಹೇಳಿದಳು. ಗುರುವಪ್ಪ ಅಡ್ಡ ಬಾಯಿ ಹಾಕಲಿಲ್ಲ. ಅವನ ತಲೆ ಅವಳ ಅಂಗೈಗೆ ಒರಗಿಕೊಂಡೇ ಇತ್ತು. ಅವಳಿಗೆ ಸುಖವೆನಿಸಿತು.

“ನಿಮಗೆ ಕೈಲಾಗದ ಆ ಮೂರು ವರ್ಷ ನಾನು ನೆಮ್ಮದಿಯಲ್ಲಿದ್ದೆ, ಗೊತ್ತುಂಟಾ?” ಎಂದಳು ಒಂದು ಭಾನುವಾರ, ತನ್ನಷ್ಟಕ್ಕೆ ಹೇಳಿಕೊಳ್ಳುವವಳಂತೆ. “ಅಷ್ಟು ವರ್ಷ ಹೋಟೆಲಿಗೆ ಕೊಟ್ಟಿದ್ದ ಗಂಡ ಆಗ ನನ್ನ ಕೈಗೆ ಸಿಕ್ಕಿದ್ದು. ಹೀಗೇ ಇದ್ದುಬಿಡಿ. ನನಗೆ ಇಷ್ಟೇ ಸಾಕು.”

ಗುರುವಪ್ಪನ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಮಂಕು ಕವಿದವನಿಗೆ ಏನು ತಿಳಿದೀತು ಎಂದುಕೊಂಡು ಅವಳು ಸೆರಗಿನಿಂದ ಅವನ ತುಟಿಯಂಚಿನ ಜೊಲ್ಲು ಒರೆಸಿದಳು.

ಮುರಾರಿ ಮನೆಗೆ ಬಂದದ್ದು ಒಂದು ಮಂಗಳವಾರ. ಒಂದು ಕಾಲಕ್ಕೆ ಗುರುವಪ್ಪನ ಜೊತೆಯೇ ಬೆಂಚು ಒರೆಸಿದವನು. ಈಗ ಠಾಣೆಯ ವಾಗ್ಳೆ ಎಸ್ಟೇಟಿನ ತಿರುವಿನಲ್ಲಿ ಸ್ವಂತ ಹೋಟೆಲು ತೆರೆಯುವ ಸನ್ನಾಹದಲ್ಲಿದ್ದ. ಬಂದವನೇ ಗುರುವಪ್ಪನ ಎರಡೂ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಗುರುವಾರ ಓಪನಿಂಗ್. ಮೊದಲ ದೋಸೆ ನೀನೇ ಹೊಯ್ಯಬೇಕು. ಆಮೇಲೆ ದಿನಾ ಬೆಳಿಗ್ಗೆ ಎರಡು ತಾಸು ಬಾ, ಸಾಕು. ಹುಡುಗರಿಗೆ ಕೈ ತಿದ್ದಿಕೊಡು.”

ಭಾನುವಾರಗಳನ್ನು ಬಿಟ್ಟರೆ, ಚಿಪ್ ಬಂದ ಮೇಲೆ ಗುರುವಪ್ಪನ ಬಾಯಿ ಕಟ್ಟಿದ್ದು ಅದೇ ಮೊದಲು. ಕಣ್ಣು ತುಂಬಿಕೊಂಡು ತಲೆಯಾಡಿಸಿದ.

ಆ ಸಂಜೆ ಊಟದ ಹೊತ್ತಿಗೆ ಜಗಳ ಎದ್ದಿತು.

“ಅರುವತ್ತಾರು ವರ್ಷಕ್ಕೆ ಕಾವಲಿಯ ಮುಂದೆ ನಿಲ್ಲುವುದಾ? ಬೇಡ ಅಪ್ಪ,” ಎಂದ ಯೋಗೀಶ್. “ಆ ಬೆಂಕಿಯ ಬಿಸಿಗೆ ತಲೆಯೊಳಗಿನದ್ದು ಹಾಳಾದ್ರೆ?”

“ಆಗುವುದಿಲ್ಲ ಅಂತ ಡಾಕ್ಟ್ರೇ ಹೇಳಿದ್ದಾರೆ. ನಾನು ಕೇಳಿದ್ದೇನೆ.”

“ನನ್ನ ಆಫೀಸು ಅಲ್ಲೇ ಹಿಂದಿನ ಗಲ್ಲಿ. ನಮ್ಮವರೆಲ್ಲ ನಾಷ್ಟಕ್ಕೆ ಆ ತಿರುವಿಗೇ ಬರುವುದು. ಮಗ ಕ್ಯಾಬಿನ್‌ನಲ್ಲಿ ಕೂತಿದ್ದಾನೆ, ಅಪ್ಪನನ್ನು ದೋಸೆ ಹೊಯ್ಯಲಿಕ್ಕೆ ಹಚ್ಚಿದ್ದಾನೆ ಅನ್ನುವುದಿಲ್ವಾ?”

ಗುರುವಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದ. “ನೀನು ಆ ಕ್ಯಾಬಿನ್‌ಗೆ ಹೋದದ್ದು ಯಾವ ದುಡ್ಡಿನ ಓದಿನಲ್ಲಿ ಮಾರಾಯ? ದೋಸೆ ಹೊಯ್ದದ್ದರಲ್ಲೇ ಅಲ್ವಾ?”

“ಅದನ್ನು ಇಲ್ಲ ಅಂದೆನಾ ನಾನು?”

“ಅಂದದ್ದು ಅದನ್ನೇ.”

ತೃಪ್ತಿ ಎದ್ದು ನೀರಿನ ಚೊಂಬು ತುಂಬಲು ಹೋದಳು. ಅಪ್ಪಿ ಗಂಡನ ಪಕ್ಷ ಹಿಡಿದಳು: “ಒಂದು ದೋಸೆ ಹೊಯ್ದು ಬರ್ಲಿ ಯೋಗೀ. ಅವರ ಮುಖ ನೋಡು.” ಗುರುವಾರ ಚಿಪ್‌ಗೆ ರಜೆಯೂ ಅಲ್ಲ ಎಂಬ ಧೈರ್ಯ ಅವಳಿಗಿತ್ತು.

ಗುರುವಾರ ಅಪ್ಪಿ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಳು. ಗುರುವಪ್ಪ ಮಲ್ಲಿಗೆ ಬಿಳುಪಿನ ಅಂಗಿ ತೊಟ್ಟು, ಡೊಂಬಿವಿಲಿಯ ಆ ಗರ್ದಿಯಲ್ಲೂ ಲೋಕಲ್ ಟ್ರೇನಿಗೆ ಹುಡುಗರಂತೆ ಹತ್ತಿದ. ಹೋಟೆಲಿನ ಎದುರು ಬಾಳೆಕಂಬ, ಮಾವಿನ ತೋರಣ. ಒಳಗೆ ಗಣಹೋಮದ ಹೊಗೆ ಇನ್ನೂ ಇಳಿದಿರಲಿಲ್ಲ. ಹಳೇ ಪರಿಚಯದವರೆಲ್ಲ ನೆರೆದಿದ್ದರು. ಯೋಗೀಶ್ ಆಫೀಸಿನ ನಾಲ್ಕೈದು ಜನರೊಂದಿಗೆ ಬಂದು ಹಿಂದೆ ನಿಂತದ್ದನ್ನು ಕಂಡು ಅಪ್ಪಿಗೆ ಸಮಾಧಾನವಾಯಿತು. ಸಿಟ್ಟು ಇಳಿದಿರಬೇಕು ಎಂದುಕೊಂಡಳು.

ಗುರುವಪ್ಪ ಕಾವಲಿಗೆ ನೀರು ಚಿಮುಕಿಸಿದ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಕಾವಲಿಯ ಮೈತುಂಬ ಉಜ್ಜಿದ. ಸುತ್ತ ಎಲ್ಲರೂ ಫೋನು ಎತ್ತಿ ಹಿಡಿದು ವಿಡಿಯೋ ತೆಗೆಯತೊಡಗಿದರು. ಯೋಗೀಶನೂ ಫೋನು ಎತ್ತಿ ಹಿಡಿದಿದ್ದ. ಅವನ ಹೆಬ್ಬೆರಳು ಗಾಜಿನ ಮೇಲೆ ಜಾರಿದ್ದನ್ನು ಅಪ್ಪಿ ಕಂಡಳು, ಮಗ ಅಪ್ಪನ ವಿಡಿಯೋ ತೆಗೆಯುತ್ತಿದ್ದಾನೆ ಎಂದು ಉಬ್ಬಿದಳು.

ಮುರಾರಿ ಮೈಕು ಹಿಡಿದು ಹಳೇ ದಿನಗಳ ಬಗ್ಗೆ ಎರಡು ಮಾತು ಆಡಿ ಮುಗಿಸಿದ. ಗುರುವಪ್ಪ ಹಿಟ್ಟಿನ ಸೌಟು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ನೋಡುತ್ತಿದ್ದಂತೆ ಮಣಿಕಟ್ಟು ನಡುಗಿತು, ಹಿಟ್ಟು ಒಲೆಯ ಮೇಲೆ, ಬಿಳಿ ಅಂಗಿಯ ಮೇಲೆ, ಪಕ್ಕದ ಹುಡುಗನ ಕಾಲ ಮೇಲೆ ಚೆಲ್ಲಿತು. ಕಾವಲಿಯ ಮೇಲೆ ಬಿದ್ದ ನಾಲ್ಕು ಹನಿ ಚುರ್ರೆಂದು ಕಪ್ಪಾದವು. ಯಾರೋ “ಅಯ್ಯೋ” ಎಂದರು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ಮುರಾರಿ ಮೆಲ್ಲನೆ ಬಂದು ಗೆಳೆಯನ ಬೆರಳು ಬಿಡಿಸಿ ಸೌಟು ತೆಗೆದುಕೊಂಡ. ಮೊದಲ ದೋಸೆಯನ್ನು ಬೇರೆ ಯಾರೋ ಹೊಯ್ದರು.

ಗಂಡನನ್ನು ರಿಕ್ಷಾಕ್ಕೆ ಹತ್ತಿಸುವಾಗಲೂ ಅಪ್ಪಿ ಒಂದೇ ಮಾತು ಹೇಳುತ್ತಿದ್ದಳು: “ಇವತ್ತು ಗುರುವಾರ. ಇವತ್ತು ಗುರುವಾರ ಅಲ್ವಾ?”

ಆ ಸಂಜೆ ಜಯಲತಾ ಸಮಾಧಾನ ಹೇಳಲು ಬಂದಾಗ ಅಪ್ಪಿ ಮಗನನ್ನು ಕೇಳಿದಳು: “ಅವರು ಈರುಳ್ಳಿ ಉಜ್ಜುವವರೆಗೆ ಚೆನ್ನಾಗಿದ್ರಲ್ಲ, ಆ ವಿಡಿಯೋ ಇವಳಿಗೆ ತೋರಿಸು.”

“ಅದು ರೆಕಾರ್ಡ್ ಆಗ್ಲಿಲ್ಲ ಅಮ್ಮ,” ಎಂದು ಯೋಗೀಶ್ ಸ್ನಾನದ ಮನೆಗೆ ಹೋದ.

ಮುಂದಿನ ವಾರ ಆಸ್ಪತ್ರೆಯ ತಪಾಸಣೆ ಇತ್ತು. ಠಾಣೆಯಲ್ಲಿ ಗಾಡಿ ಬದಲಿಸಿ, ತುರ್ಭೆ ದಾಟಿ ಯೋಗೀಶನೂ ಸೇರಿ ಮೂವರೂ ಹೋದರು. ಚಿಪ್ ನೋಡುವ ಇಂಜಿನಿಯರ್ ಶ್ರೀಪ್ರಿಯಾ ಎಂಬ ಬೆಂಗಳೂರಿನ ಹುಡುಗಿ. ಕನ್ನಡದವರು ಬಂದರೆ ಅವಳಿಗೆ ಖುಷಿ. ಗುರುವಪ್ಪನ ಮಣಿಕಟ್ಟಿನ ಪಟ್ಟಿಗೆ ತನ್ನ ಯಂತ್ರವನ್ನು ತಾಗಿಸಿ ಪರದೆ ನೋಡಿದಳು.

“ಚಿಪ್ ಪರ್ಫೆಕ್ಟಾಗಿದೆ ಅಂಕಲ್. ಒಂದು ನಿಮಿಷವೂ ನಿಂತಿಲ್ಲ. ಆದ್ರೆ ನೀವ್ಯಾಕೆ ಪ್ರತಿ ಭಾನುವಾರ ಕಡಿಮೆ ಮಾಡ್ಕೋತೀರಾ?”

“ಭಾನುವಾರ ಅದಕ್ಕೆ ರಜೆ ಅಲ್ವಾ ಮಗಳೇ?” ಎಂದಳು ಅಪ್ಪಿ.

ಹುಡುಗಿ ನಕ್ಕಳು. “ರಜೆ ಎಲ್ಲಿಂದ ಬಂತು ಆಂಟಿ? ನಾವು ಕೊಟ್ಟಿರೋದು ಮೂರನೇ ಮಟ್ಟ. ಮಾತು, ಸಿಡುಕು ಜಾಸ್ತಿಯಾದ್ರೆ ಎರಡಕ್ಕೆ ಇಳಿಸಿ ನೋಡಿ ಅಂತ ಫೋನಲ್ಲಿ ಹೇಳಿದ್ವಿ, ಅಷ್ಟೇ. ಇಲ್ಲಿ ನೋಡಿದ್ರೆ ಸೀದಾ ಒಂದಕ್ಕೆ ಇಳಿದಿದೆ. ಹೋದ ಗುರುವಾರ ಕೂಡ ಹಗಲಲ್ಲೇ ಇಳಿಸಿದೀರಾ. ಪೇಷಂಟ್ ಫೋನಿಂದಾನೇ ಆಗಿರೋದು. ಒಂದರಲ್ಲಿ ಕೈಕಾಲು ಏಳಲ್ಲ ಅಂಕಲ್. ತಲೆ ಎಚ್ಚರವಾಗೇ ಇರುತ್ತೆ, ಮೈ ಕೇಳಲ್ಲ. ಹಿಂಸೆ ಆಗಲ್ವಾ ನಿಮಗೆ?”

ಪೇಷಂಟ್ ಫೋನು. ಅಪ್ಪಿಗೆ ಕೌಂಟರಿನ ಹುಡುಗಿ ನೆನಪಾದಳು, ತಾನು ಗಡಗಡ ಹೇಳಿದ ಹತ್ತು ಅಂಕಿ ನೆನಪಾಯಿತು, ಗಾಜಿನ ಮೇಲೆ ಜಾರಿದ ಹೆಬ್ಬೆರಳು ನೆನಪಾಯಿತು. ಅವಳು ಮಗನ ಕಡೆ ತಿರುಗಿದಳು. ಯೋಗೀಶನ ಕಿವಿ ಕೆಂಪಾಗಿತ್ತು, ಅವನು ತನ್ನ ಶೂ ನೋಡುತ್ತಿದ್ದ. ಅಪ್ಪಿ ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಗುರುವಪ್ಪ ಹೇಳಿದ: “ಹೌದಮ್ಮ. ನಾನೇ ಇಳಿಸಿಕೊಂಡದ್ದು.”

“ನೀವೇನಾ? ಯಾಕೆ?”

“ಮನೆಯಲ್ಲಿ ಸ್ವಲ್ಪ ಶಾಂತಿ ಇರ್ಲಿ ಅಂತ.”

ಹಿಂತಿರುಗುವಾಗ ಟ್ರೇನಿನಲ್ಲಿ ಮೂವರೂ ಒಂದೇ ಬೆಂಚಿನಲ್ಲಿ ಕೂತರು. ಡೊಂಬಿವಿಲಿಯ ಮನೆಯ ಬಾಗಿಲು ಮುಚ್ಚಿದ ಮೇಲೆ ಅಪ್ಪಿ ಚಪ್ಪಲಿಯನ್ನೂ ಬಿಡದೆ ಮಗನ ಅಂಗಿ ಹಿಡಿದಳು.

“ಟಿವಿ ಸಣ್ಣ ಮಾಡಿದ ಹಾಗೆ ಮಾಡಿದೆಯಲ್ಲೋ! ಅಪ್ಪ ಅಲ್ವಾ ಅದು? ಅಷ್ಟು ಜನರ ಎದುರು!”

“ಅಮ್ಮ, ಡಾಕ್ಟರೇ ಹೇಳಿದ್ರು, ಕಡಿಮೆ ಮಾಡಿ ನೋಡಿ ಅಂತ.”

“ಒಂದು ಮೆಟ್ಟಿಲು ಅಂದ್ರು. ನೀನು ನೆಲಕ್ಕೇ ಇಳಿಸಿದೆ.”

“ಮೊದಲನೇ ಸಲ ತೃಪ್ತಿಯ ಮನೆಯವರ ಎದುರು ಆದದ್ದಕ್ಕೆ ಹೆದರಿ ಮಾಡಿದೆ. ಆಮೇಲೆ...” ಯೋಗೀಶ್ ಕುರ್ಚಿಯ ಮೇಲೆ ಕುಸಿದ. “ಆಮೇಲೆ ಆ ಒಂದು ದಿನಕ್ಕಾಗಿ ವಾರವಿಡೀ ಕಾಯುವ ಹಾಗಾಯ್ತು. ಗುರುವಾರ ಮಾಡಿದ್ದು ತಪ್ಪು. ಒಪ್ತೇನೆ. ಫ್ರೆಂಡ್ಸ್ ಎಲ್ಲ ನಿಂತಿದ್ರು, ನನ್ನ ಕೈ ತಾನಾಗಿ ಹೋಯ್ತು.”

“ನಿನಗೆ ಗೊತ್ತಿತ್ತಾ?” ಅಪ್ಪಿ ಸೊಸೆಯನ್ನು ಕೇಳಿದಳು.

ತೃಪ್ತಿ ಕಣ್ಣೊರೆಸಿಕೊಂಡಳು. “ಗೊತ್ತಿತ್ತು ಅತ್ತೆ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.”

ಮಾನಸಿ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. “ಮೈನೇ ಭೀ ಏಕ್ ಬಾರ್ ಕಿಯಾ, ಅಜ್ಜಿ. ಟೆಸ್ಟ್ ಥಾ,” ಎಂದಳು ಸಣ್ಣ ಸ್ವರದಲ್ಲಿ. “ಸಬ್ ಕೋ ಪತಾ ಥಾ. ಸಿರ್ಫ್ ಆಪ್ ಕೋ ನಹೀಂ.” ಒಂದು ಭಾನುವಾರ ಇಳಿಸಿದ್ದು ತಾನೇ ಅಂತೆ; ಎಲ್ಲರಿಗೂ ಗೊತ್ತಿತ್ತಂತೆ, ಗೊತ್ತಿಲ್ಲದ್ದು ಅಜ್ಜಿಗೆ ಮಾತ್ರ.

ಅಪ್ಪಿ ಅಲ್ಲೇ ನೆಲದ ಮೇಲೆ ಕೂತಳು. ಯೋಗೀಶ್ ಜೇಬಿನಿಂದ ಫೋನು ತೆಗೆದು, ಚಿಪ್‌ನದ್ದನ್ನು ತೆರೆದು ಮೇಜಿನ ಮೇಲಿಟ್ಟ. ಒಂದು ಹಸಿರು ಗೆರೆ, ಅದರ ಮೇಲೊಂದು ದುಂಡನೆಯ ಬೊಟ್ಟು, ಅಷ್ಟೇ ಇದ್ದದ್ದು. ಮಕ್ಕಳ ಆಟದಂತಿದ್ದ ಅದನ್ನು ಅವಳು ಕತ್ತೆತ್ತಿ ನೋಡಿದಳು.

“ಇದು ಇನ್ನು ನಿನ್ನ ಹತ್ರ ಬೇಡ,” ಎಂದು ಎದ್ದಳು. “ನಾಳೆಯೇ ಆ ಹುಡುಗಿಗೆ ಫೋನ್ ಮಾಡಿ ನನ್ನ ನಂಬರ್ ಕೊಡ್ತೇನೆ. ನನ್ನ ಗಂಡನನ್ನು ನಾನು ನೋಡಿಕೊಳ್ತೇನೆ.”

ಅಷ್ಟು ಹೊತ್ತೂ ಕಿಟಕಿಯ ಹೊರಗೆ ನೋಡುತ್ತಿದ್ದ ಗುರುವಪ್ಪ ತಿರುಗಿದ.

“ನಿನ್ನ ನಂಬರೂ ಬೇಡ.”

“ನನ್ನದೂ ಬೇಡವಾ?”

“ನನಗೊಂದು ಫೋನ್ ತನ್ನಿ. ನನ್ನ ಹೆಸರಿಗೆ, ನನ್ನ ನಂಬರಿಗೆ. ಒತ್ತುವುದು ಹೇಗೆ ಅಂತ ನಾನು ಕಲಿತುಕೊಳ್ತೇನೆ.” ಅಷ್ಟು ಹೇಳಿ ಅವನು ಕೈಕಾಲು ತೊಳೆಯಲು ಎದ್ದುಹೋದ.

ಅಪ್ಪಿಗೆ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ಬಾಯಿಗೆ ತುತ್ತಿಟ್ಟವಳು, ಈ ಪಾಪದಲ್ಲಿ ಪಾಲಿಲ್ಲದವಳು ಈ ಮನೆಯಲ್ಲಿ ತಾನೊಬ್ಬಳೇ ಎಂದು ಅವಳು ತಿಳಿದಿದ್ದಳು. ಎರಡು ದಿನ ಗಂಡನೊಂದಿಗೆ ಸರಿಯಾಗಿ ಮಾತಾಡಲಿಲ್ಲ, ಗಂಜಿ ಬಡಿಸಿ ಎದ್ದುಹೋದಳು. ಯೋಗೀಶ್ ಶುಕ್ರವಾರ ಹೊಸ ಫೋನು ತಂದು ಅಪ್ಪನ ಕಾಲ ಬುಡದಲ್ಲಿಟ್ಟು ನಮಸ್ಕರಿಸಿದ. ಗುರುವಪ್ಪ ಅವನ ತಲೆ ಮುಟ್ಟಿ, “ನಾಳೆ ಮುರಾರಿಯ ಹತ್ತಿರ ಹೋಗ್ತೇನೆ. ನಿನ್ನ ಆಫೀಸಿನವರು ಬಂದ್ರೆ ನನ್ನ ಮಗನ ದೋಸ್ತಿಗಳು ಅಂತ ಜಾಸ್ತಿ ಬೆಣ್ಣೆ ಹಾಕ್ತೇನೆ,” ಎಂದ. ಯೋಗೀಶ್ ಅಳುತ್ತಾ ನಕ್ಕ. ಮಾನಸಿ ಅಜ್ಜನ ಪಕ್ಕ ಕೂತು ಬೊಟ್ಟು ಜಾರಿಸುವುದನ್ನು ಕಲಿಸಿದಳು.

ಭಾನುವಾರ ಬಂತು. ಗ್ರೈಂಡರ್ ತಿರುಗಿತು. ಸೆಕ್ರೆಟರಿ ಇಳಿದುಬಂದ, ಪಂಪಿನ ಜಗಳ ಆಯಿತು. ದೋಸೆ ತಿಂದು ಮುಗಿಸಿ ಗುರುವಪ್ಪ ತಾನಾಗಿಯೇ ಬಾಲ್ಕನಿಗೆ ಹೋಗಿ ಮಣೆಯ ಮೇಲೆ ಕೂತ.

“ಅಪ್ಪೀ, ಎಣ್ಣೆ ತರುವುದಿಲ್ವಾ?”

ಅವಳು ಸಿಟ್ಟು ಬಿಟ್ಟಿರಲಿಲ್ಲ, ಆದರೂ ಎಣ್ಣೆ ಬಿಸಿ ಮಾಡಿ ತಂದಳು. ನೆತ್ತಿಗೆ ಕೈ ಇಡುತ್ತಾ ಕೇಳಿಯೇಬಿಟ್ಟಳು: “ಅವರೆಲ್ಲ ಮಾಡಿದ್ದಕ್ಕೆ ನನಗೆ ಯಾಕೆ ಶಿಕ್ಷೆ? ನಾನು ಎಂತ ಮಾಡಿದೆ ನಿಮಗೆ?”

“ಯೋಗಿ ಬೊಟ್ಟು ಎಳೆಯುವುದನ್ನು ನಾನು ಎರಡನೇ ಭಾನುವಾರವೇ ಕಂಡಿದ್ದೆ,” ಎಂದ ಗುರುವಪ್ಪ. ತಲೆ ತಿರುಗಿಸಲಿಲ್ಲ.

“ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಸುಮ್ಮನಿದ್ರಾ?”

“ಸೋಮವಾರ ಎದ್ದ ಕೂಡಲೇ ನಿನಗೆ ಹೇಳುವ ಅಂತ ಇದ್ದೆ. ಅಪ್ಪಿಗೆ ಹೇಳಿದ್ರೆ ಮನೆ ಎಬ್ಬಿಸಿಬಿಡ್ತಾಳೆ ಅಂತ ಗೊತ್ತಿತ್ತು. ಆದ್ರೆ ಆ ಭಾನುವಾರ ನೀನು ಇಲ್ಲೇ ಕೂತು ಎಣ್ಣೆ ಹಾಕ್ತಾ ಒಂದು ಮಾತು ಹೇಳಿದೆ. ಹೀಗೇ ಇದ್ದುಬಿಡಿ, ನನಗೆ ಇಷ್ಟೇ ಸಾಕು ಅಂದೆ. ಬೇಡ ಅಪ್ಪಿ, ಹಾಗೆ ಹೇಳ್ಬೇಡ ಅಂತ ನಾನು ಎಷ್ಟು ಕೂಗಿದೆ ಗೊತ್ತುಂಟಾ? ನೀನು ಜೊಲ್ಲು ಒರೆಸಿದೆ.”

ಅಪ್ಪಿ ನೆತ್ತಿಯಿಂದ ಕೈ ತೆಗೆದಳು. ತಲೆ ಎಚ್ಚರವಾಗೇ ಇರುತ್ತೆ ಎಂದು ಆ ಹುಡುಗಿ ಹೇಳಿದ್ದು ಅವಳಿಗೆ ಈಗ ಪೂರ್ತಿ ಕೇಳಿಸಿತು. ದೀಪಾವಳಿಯ ಮಾತು, ತಾಯಿಯ ಸಾವಿನ ಮಾತು, ಒಂದೊಂದು ಭಾನುವಾರದ ಒಂದೊಂದು ಮಾತೂ ಕೇಳಿಸಿತು.

“ಎಲ್ಲ ಕೇಳಿದ್ದೇನೆ,” ಎಂದ ಗುರುವಪ್ಪ. “ನೀನು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆ ದೀಪಾವಳಿಗೆ ನಾನು ಬರಬೇಕಿತ್ತು.” ಅವನು ಕೈ ಹಿಂದಕ್ಕೆ ಚಾಚಿ, ನಡುಗದ ಆ ಕೈಯಲ್ಲಿ ಅವಳ ಕೈ ಹಿಡಿದು ಮತ್ತೆ ತನ್ನ ನೆತ್ತಿಯ ಮೇಲಿಟ್ಟುಕೊಂಡ. “ಎಣ್ಣೆ ತಟ್ಟು. ಮಾತಾಡು. ಇವತ್ತು ನಾನು ಉತ್ತರ ಕೊಡ್ತೇನೆ.”

ಅಪ್ಪಿ ಎಣ್ಣೆ ತಟ್ಟಿದಳು. ಬಟ್ಟಲು ಬರಿದಾಗುವವರೆಗೆ ತಟ್ಟಿದಳು. ಗಂಡ ಕಾಯುತ್ತಾ ಕೂತಿದ್ದ. ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ.